ಸ್ಟಾಫರ್ಡ್‌ಷೈರಿನ ಬುಲ್ ಟೆರಿಯರ್: ಅದರ ಗುಣವೂ ಸಾಕಣೆಯೂ

ನಾಯಿಯನ್ನು ಸಾಕಬೇಕೆಂದು ಮನಸ್ಸು ಮಾಡಿದ ಗೃಹಸ್ಥರು ಮೊದಲು ಕೇಳುವ ಪ್ರಶ್ನೆಗಳೆಲ್ಲವೂ ನಾಯಿಯನ್ನು ಕುರಿತವೇ ಆಗಿರುವುವು. ಯಾವ ಜಾತಿ ಮೇಲಾದುದು, ಎಷ್ಟು ಎತ್ತರ ಬೆಳೆಯುವುದು, ಕಾವಲಿಗೆ ಒದಗುವುದೆ, ಮಕ್ಕಳೊಡನೆ ಸಾಧುವಾಗಿರುವುದೆ ಎಂದು ವಿಚಾರಿಸುವರು. ಹಗಲು ಹೊತ್ತು ಮನೆಯಲ್ಲಿ ಯಾರಿರುವರು, ನಸುಕಿನಲ್ಲೆದ್ದು ಅದರೊಡನೆ ನಡೆಯುವವರು ಯಾರು, ನಮ್ಮ ಬೀದಿಯಲ್ಲಿ ಬೇರೆ ನಾಯಿಗಳೆಷ್ಟಿವೆ ಎಂದು ತಮ್ಮನ್ನೇ ಕೇಳಿಕೊಳ್ಳುವವರು ವಿರಳ. ಈ ಅಲಕ್ಷ್ಯದಿಂದ ಬಹಳ ಕೇಡನ್ನುಂಡ ಜಾತಿಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್ ಒಂದು. ಕೆಲವರು ಅದನ್ನು ಯಮದೂತನೆಂದು ಹೆದರುವರು. ಕೆಲವರು ಮಕ್ಕಳ ದಾದಿಯೆಂದು ಹೊಗಳುವರು. ನಿಜದಲ್ಲಿ ಅದು ಮನುಷ್ಯರ ಸಹವಾಸಕ್ಕೆ ಹಾತೊರೆಯುವ, ತನ್ನ ಬಲವನ್ನು ತಾನರಿಯದ, ಅನ್ಯ ನಾಯಿಗಳ ವಿಷಯದಲ್ಲಿ ಮಾತ್ರ ಪೂರ್ವಜರ ಕಸಬನ್ನು ಪೂರ್ತಿಯಾಗಿ ಮರೆಯದ ಪ್ರಾಣಿ. ಇದನ್ನು ತಿಳಿದು ಸಾಕಿದವರ ಮನೆಯಲ್ಲಿ ಅದು ಸುಖವಾಗಿರುವುದು. ತಿಳಿಯದವರ ಮನೆಯಲ್ಲಿ ತಾನೂ ಕೆಟ್ಟು ಮನೆಯವರನ್ನೂ ಕಷ್ಟಕ್ಕೆ ಗುರಿಮಾಡುವುದು.

ನೋಡುವುದಕ್ಕೆ ಈ ನಾಯಿ ಅಷ್ಟೇನೂ ದೊಡ್ಡದಲ್ಲ. ಭುಜದ ಬಳಿ ಅಳೆದರೆ ಎತ್ತರ 14ರಿಂದ 16 ಅಂಗುಲ. ಗಂಡುನಾಯಿಯ ತೂಕ 13ರಿಂದ 17 ಕಿಲೋ, ಹೆಣ್ಣಿನದು 11ರಿಂದ 15 ಕಿಲೋ ಚಿಲ್ಲರೆ. ಮೋಟಾದ ಅಗಲ ತಲೆ, ಉಬ್ಬಿದ ಕೆನ್ನೆ, ಹರವಾದ ಎದೆ, ಗಿಡ್ಡ ಮೂತಿ, ಮೈಗಂಟಿದ ನುಣುಪು ರೋಮ, ಹಿಂದಕ್ಕೆ ಮಡಿದ ಸಣ್ಣ ಕಿವಿ, ಬುಡದಲ್ಲಿ ದಪ್ಪವಾಗಿ ತುದಿಗೆ ಸಣ್ಣಗಾಗುತ್ತ ತಗ್ಗಿ ಬಾಗಿದ ಬಾಲ. ಬಣ್ಣವು ಕೆಂಪು, ಕಂದುಹಳದಿ, ಬಿಳುಪು, ಕಪ್ಪು, ಬೂದುನೀಲಿ, ಹುಲಿಯ ಪಟ್ಟೆಯಂತಹ ಗೆರೆ ಇವುಗಳಲ್ಲೊಂದಾಗಿರಬಹುದು. ಬಾಯಿ ತೆರೆದು ನಾಲಗೆ ಚಾಚಿದಾಗ ಕಿವಿಯಿಂದ ಕಿವಿಗೆ ನಕ್ಕಂತೆ ಕಾಣುವುದುಂಟು. ಈ ನಗುವಿಗೆ ಮರುಳಾಗಿ ಮರಿಯನ್ನು ಕೊಂಡವರು ಇಂಗ್ಲೆಂಡಿನಲ್ಲಿ ಸಾವಿರಾರು ಮಂದಿ. ಮಾಂಸಖಂಡಗಳು ಮಾತ್ರ ಒತ್ತಿ ತುಂಬಿದ ಹಾಗೆ ಗಟ್ಟಿ. ಹತ್ತು ವರುಷದ ಹುಡುಗನ ಕೈಯಲ್ಲಿ ಹಗ್ಗವನ್ನು ಕೊಟ್ಟು ಬೀದಿಗೆ ಕಳುಹಿಸಿದರೆ, ನಡೆಸುವವನು ಹುಡುಗನಾಗಿರುವುದಿಲ್ಲ.

ಈ ಬಲವು ಎಲ್ಲಿಂದ ಬಂದಿತೆಂಬುದು ಅಷ್ಟೊಂದು ಮೆಚ್ಚತಕ್ಕ ಕಥೆಯಲ್ಲ. ಹಿಂದೆ ಇಂಗ್ಲೆಂಡಿನ ಊರೂರುಗಳಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂ ಬಿಡುವ ಆಟವಿದ್ದಿತು. ನಾಯಿಯು ಗೂಳಿಯ ಮೂಗನ್ನು ಕಚ್ಚಿ ಹಿಡಿದು, ಎಷ್ಟು ಝಾಡಿಸಿದರೂ ಬಿಡದಿರಬೇಕು. ಹೀಗೆ ಹಿಂಸೆಪಟ್ಟ ಗೂಳಿಯ ಮಾಂಸ ಮೃದುವಾಗುವುದೆಂಬ ನಂಬಿಕೆಯೂ ಜನರಲ್ಲಿದ್ದಿತು. 1835ರಲ್ಲಿ ಪಾರ್ಲಿಮೆಂಟು ಪ್ರಾಣಿಹಿಂಸೆಯ ಕಾನೂನನ್ನು ಮಾಡಿ ಈ ಆಟವನ್ನೂ, ಕರಡಿ ಕೆಣಕುವುದನ್ನೂ, ನಾಯಿಕಾಳಗ ಕೋಳಿಕಾಳಗಗಳನ್ನೂ ನಿಷೇಧಿಸಿತು. ಆದರೆ ಗೂಳಿಯನ್ನು ಬಚ್ಚಿಡುವುದು ಕಷ್ಟ, ನಾಯಿಯನ್ನು ಬಚ್ಚಿಡುವುದು ಸುಲಭ. ಹೆಂಡದಂಗಡಿಗಳ ಹಿಂಭಾಗದಲ್ಲಿ ಅಗೆದ ಕುಳಿಗಳಲ್ಲಿ ನಾಯಿಗಳ ಕಾದಾಟವೂ, ಗಡಿಯಾರವನ್ನಿಟ್ಟು ಇಲಿಗಳನ್ನು ಕೊಲ್ಲಿಸುವ ಪಂದ್ಯವೂ ಗುಟ್ಟಾಗಿ ನಡೆದುವು. ಇಲಿಯ ಪಂದ್ಯವಂತೂ ಅದಕ್ಕೂ ಹಿಂದಿನಿಂದಲೇ ಬಂದದ್ದು. 1823ರಲ್ಲಿ ಲಂಡನ್ನಿನಲ್ಲಿ ಬಿಲ್ಲಿ ಎಂಬ ನಾಯಿ ಐದೂವರೆ ನಿಮಿಷದಲ್ಲಿ ನೂರು ಇಲಿಗಳನ್ನು ಕೊಂದು ಹೆಸರು ಗಳಿಸಿತ್ತು. ಇಂತಹ ಕೆಲಸಕ್ಕೆ ಹಳೆಯ ಬುಲ್‌ಡಾಗಿನ ಹಿಡಿತವೂ ಟೆರಿಯರಿನ ಚುರುಕೂ ಒಂದೇ ದೇಹದಲ್ಲಿ ಬೇಕಾಗಿದ್ದುವು. ಎರಡನ್ನೂ ಬೆರಸಿ ಹುಟ್ಟಿಸಿದ ಸಂಕರಜಾತಿಯೇ ನಮ್ಮ ನಾಯಿಯ ಮೂಲ.

ನಾಯಿಯ ಶೌರ್ಯವನ್ನು ಮನುಷ್ಯನು ಬಳಸಿಕೊಂಡದ್ದು ಆ ದೇಶದಲ್ಲಿ ಮಾತ್ರವೇ ಅಲ್ಲ. ನಮ್ಮ ಆತಕೂರಿನ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ವಾಚಕರು ನೋಡಿರಬಹುದು. ಹತ್ತನೆಯ ಶತಮಾನದ ಮಧ್ಯದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೇರನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಕಾದು, ಹಂದಿಯೂ ತಾನೂ ಒಟ್ಟಿಗೆ ಸತ್ತ ಸಂಗತಿಯನ್ನು ಅದರಲ್ಲಿ ಕೆತ್ತಿದ್ದಾರೆ. ಕಾಳಿಗೆ ಕಲ್ಲೊಂದಾದರೂ ದೊರೆಯಿತು. ಇಂಗ್ಲೆಂಡಿನ ಕುಳಿಗಳಲ್ಲಿ ಸತ್ತ ನಾಯಿಗಳಿಗೆ ಅದೂ ಇಲ್ಲ.

ಈ ನಾಯಿಗಳು ಬಹುವಾಗಿ ನೆಲೆಸಿದ್ದುದು ಇಂಗ್ಲೆಂಡಿನ ನಡುಭಾಗದ ಬ್ಲ್ಯಾಕ್ ಕಂಟ್ರಿ ಎಂಬ ಸೀಮೆಯಲ್ಲಿ. ಕಲ್ಲಿದ್ದಲಿನ ಗಣಿ, ಕುಲುಮೆ, ಮೊಳೆ ಮತ್ತು ಸರಪಣಿಗಳ ಕಮ್ಮಟ ಇವುಗಳ ಹೊಗೆಯಿಂದ ಕಪ್ಪಾದುದರಿಂದ ಆ ಸೀಮೆಗೆ ಆ ಹೆಸರು ಬಂದಿತೆನ್ನುವರು. ಅಲ್ಲಿಯ ಕ್ರೇಡ್ಲಿ ಹೀತ್ ಎಂಬ ಊರು ಸರಪಣಿಗೆ ಪ್ರಸಿದ್ಧವಾದುದು. 1910ರಲ್ಲಿ ಆ ಊರಿನ ಸರಪಣಿ ಮಾಡುವ ಹೆಂಗಸರು ಹತ್ತು ವಾರ ಕೆಲಸ ನಿಲ್ಲಿಸಿ ಹೆಚ್ಚಿನ ಕೂಲಿಯನ್ನು ಗೆದ್ದರೆಂಬುದು ಇತಿಹಾಸಕ್ಕೆ ಸೇರಿದ ಮಾತು. ಇಂತಹ ಕಷ್ಟಜೀವಿಗಳ ಮನೆಗಳಲ್ಲಿ ನಾಯಿಗೆಂದು ಬೇರೆ ಕೋಣೆಯೆಲ್ಲಿಂದ ಬರಬೇಕು? ರಾತ್ರಿ ಕುಳಿಯಲ್ಲಿ ಕಾದಿ ಬಂದ ನಾಯಿ ಹಗಲು ಅಡಿಗೆಯ ಒಲೆಯ ಮುಂದೆ ಕೂಸುಗಳ ನಡುವೆಯೇ ಮಲಗಬೇಕಾಗಿತ್ತು. ಮನುಷ್ಯರಿಗೆ ಹಲ್ಲು ತೋರಿಸುವ ನಾಯಿಗೆ ಅಂತಹ ಮನೆಯಲ್ಲಿ ಎಡೆಯೇ ಇರಲಾರದು. ಕುಳಿಯಲ್ಲಿಯೂ ಹಾಗೆಯೇ, ಕಾಳಗದ ನಡುವೆ ನಾಯಿಯನ್ನು ಮನುಷ್ಯರು ಕೈಯಿಂದ ಹಿಡಿದು ಎಳೆಯಬೇಕಾಗಿದ್ದುದರಿಂದ, ಆ ರೋಷದಲ್ಲಿಯೂ ಮನುಷ್ಯನ ಕೈಯನ್ನು ಕಚ್ಚದ ನಾಯಿಯನ್ನೇ ಆರಿಸಿ ಸಂತಾನಕ್ಕೆ ಬಿಡುತ್ತಿದ್ದರೆಂದು ಹಳಬರು ಹೇಳುವರು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಕಾಳಗದ ದಲ್ಲಾಳಿಗಳು ತಮ್ಮ ಸರಕನ್ನು ಹೊಗಳದೆ ಇರುವರೆ? ಆದರೂ ಈ ಜಾತಿಯು ಅಪರಿಚಿತ ಮನುಷ್ಯನ ಬಳಿಗೆ ಬಾಲವಾಡಿಸುತ್ತ ಹೋಗುವುದನ್ನೂ, ಅಪರಿಚಿತ ನಾಯಿಯನ್ನು ಕಂಡೊಡನೆ ಮೈಯನ್ನು ಬಿಗಿಹಿಡಿಯುವುದನ್ನೂ ನೋಡಿದವರಿಗೆ, ಆ ಮಾತು ಕೇವಲ ಕಟ್ಟುಕಥೆಯಲ್ಲವೆಂದು ತೋರುವುದು.

ಹೆಸರಿನ ಕಥೆಯೂ ಸ್ವಾರಸ್ಯವಾದುದು. 1860ರ ಸುಮಾರಿನಲ್ಲಿ ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಿಂಕ್ಸ್ ಎಂಬಾತನು ಇದೇ ಸಂಕರಜಾತಿಯಿಂದ ಉದ್ದಮೂತಿಯ ಬಿಳಿಯ ನಾಯಿಯೊಂದನ್ನು ಬೆಳೆಸಿ, ಬುಲ್ ಟೆರಿಯರ್ ಎಂಬ ಹೆಸರಿನಿಂದ ಪ್ರದರ್ಶನಗಳಿಗೆ ತಂದನು. ದೊಡ್ಡಮನುಷ್ಯರು ಅದನ್ನು ಮೆಚ್ಚಿದರು. ಬಡವರ ಹಳೆಯ ನಾಯಿ ಬ್ಲ್ಯಾಕ್ ಕಂಟ್ರಿಯಲ್ಲಿಯೇ ಉಳಿಯಿತು. ಕೊನೆಗೆ 1935ರಲ್ಲಿ ಅದಕ್ಕೂ ಮನ್ನಣೆ ಬೇಕೆಂದು ಕ್ರೇಡ್ಲಿ ಹೀತಿನ ಕ್ರಾಸ್ ಗನ್ಸ್ ಎಂಬ ಪಾನಗೃಹದಲ್ಲಿ ಅಭಿಮಾನಿಗಳು ಸಭೆ ಸೇರಿ ಸಂಘವೊಂದನ್ನು ಕಟ್ಟಿದರು. ಬುಲ್ ಟೆರಿಯರ್ ಎಂಬ ಹೆಸರು ಆಗಲೇ ಬೇರೊಬ್ಬರ ಪಾಲಾಗಿದ್ದುದರಿಂದ ತಮ್ಮ ಜಿಲ್ಲೆಯ ಹೆಸರನ್ನು ಅದರ ಹಿಂದೆ ಸೇರಿಸಬೇಕಾಯಿತು. ಅದೇ ವರ್ಷ ಲಂಡನ್ನಿನ ಕೆನ್ನೆಲ್ ಕ್ಲಬ್ಬು ಈ ಜಾತಿಯನ್ನು ಅಂಗೀಕರಿಸಿತು. ಆ ಪಾನಗೃಹದ ಯಜಮಾನನೂ ಸರಪಣಿಯ ಕೆಲಸಗಾರನೂ ಆಗಿದ್ದ ಜೋ ಮ್ಯಾಲನ್ನನ ಜಂಟಲ್‌ಮನ್ ಜಿಮ್ ಎಂಬ ಗಂಡುನಾಯಿಯೂ, ಲೇಡಿ ಈವ್ ಎಂಬ ಹೆಣ್ಣುನಾಯಿಯೂ 1939ರಲ್ಲಿ ಈ ಜಾತಿಯ ಮೊದಲ ಚಾಂಪಿಯನ್ನುಗಳಾದುವು. ಕುಳಿಯ ನಾಯಿ ನಾಲ್ಕು ವರ್ಷಗಳಲ್ಲಿ ಮರ್ಯಾದಸ್ಥರ ಮಂಟಪವನ್ನೇರಿತು.

ಅಮೆರಿಕೆಗೆ ಹೋದ ಸೋದರರ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಗೊಂದಲಕ್ಕೆಲ್ಲ ಅದೇ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಹೋದವರು ತಮ್ಮೊಡನೆ ಕೊಂಡೊಯ್ದ ಇದೇ ಮೂಲದ ನಾಯಿಗಳು ಅಲ್ಲಿ ಎತ್ತರವಾಗಿಯೂ ತೂಕವಾಗಿಯೂ ಬೆಳೆದುವು. ಅವೇ ಪಿಟ್ ಬುಲ್ ಟೆರಿಯರ್ ಮತ್ತು ಅಮೆರಿಕನ್ ಸ್ಟಾಫರ್ಡ್‌ಷೈರ್ ಟೆರಿಯರ್. ಎರಡನೆಯದರ ಎತ್ತರ 17ರಿಂದ 19 ಅಂಗುಲ. ಇಂಗ್ಲೆಂಡಿನದಕ್ಕೂ ಇದಕ್ಕೂ ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವಾದರೂ ಜಾತಿಗಳು ಬೇರೆ ಬೇರೆ. ಮಾರುವವರು ಬೇಕೆಂದೇ ಒಂದನ್ನು ಇನ್ನೊಂದೆಂದು ಹೇಳುವುದುಂಟು.

ಇನ್ನು ಸ್ವಭಾವದ ಮಾತು. ಈ ನಾಯಿಯ ನಿಷ್ಠೆಯನ್ನು ಕುರಿತು ಇಂಗ್ಲೆಂಡಿನ ಸೈನ್ಯದಲ್ಲಿ ಒಂದು ಕಥೆ ನಡೆದು ಬಂದಿದೆ. 1882ರಲ್ಲಿ ದಕ್ಷಿಣ ಸ್ಟಾಫರ್ಡ್‌ಷೈರ್ ರೆಜಿಮೆಂಟು ಈಜಿಪ್ಟಿನಲ್ಲಿದ್ದಾಗ ಬಾಕ್ಸರ್ ಎಂಬ ನಾಯಿಯೊಂದು ಸಿಪಾಯಿಗಳೊಡನೆ ರೈಲಿನಲ್ಲಿ ಹೋಗುತ್ತ ನಡುದಾರಿಯಲ್ಲಿ ಕೆಳಕ್ಕೆ ಹಾರಿತಂತೆ. ಸತ್ತಿತೆಂದು ಎಲ್ಲರೂ ಕೈಬಿಟ್ಟರು. ಕೆಲವು ದಿನಗಳ ತರುವಾಯ ಅದು ರೈಲುದಾರಿಯನ್ನೇ ಹಿಡಿದು ಇನ್ನೂರು ಮೈಲಿಗೂ ಹೆಚ್ಚಾಗಿ ಮರುಭೂಮಿಯಲ್ಲಿ ನಡೆದು, ಅಸ್ಯೂಟ್ ಎಂಬಲ್ಲಿದ್ದ ತನ್ನ ದಂಡನ್ನು ಬಂದು ಸೇರಿತೆಂದು ರೆಜಿಮೆಂಟಿನವರು ಇಂದಿಗೂ ಹೇಳಿಕೊಳ್ಳುವರು. ಮೈಲಿಗಳ ಲೆಕ್ಕವನ್ನು ಯಾರೂ ಸರಪಣಿ ಹಿಡಿದು ಅಳೆದಿಲ್ಲವಷ್ಟೆ. ಆದರೆ ಕಥೆಯ ಜೀವಾಳ ಈ ಜಾತಿಗೆ ಒಪ್ಪುವಂತಹುದು: ತನ್ನವರು ಎಲ್ಲಿರುವರೋ ಅಲ್ಲಿ ತಾನಿರಬೇಕು. ಮನೆಯಲ್ಲಿ ಒಬ್ಬರು ಕೋಣೆಯಿಂದ ಕೋಣೆಗೆ ಹೋದರೆ ಹಿಂದೆಯೇ ಹೋಗುವುದು. ಕುಳಿತರೆ ಪಾದದ ಮೇಲೆ ತಲೆಯಿಟ್ಟು ಮಲಗುವುದು. ಬಾಗಿಲು ಹಾಕಿಕೊಂಡರೆ ಹೊರಗೆ ಕುಳಿತು ನಿಟ್ಟುಸಿರು ಬಿಡುವುದು.

ಇಂತಹ ನಾಯಿಯನ್ನು ಅಂಗಳದ ಗೂಟಕ್ಕೆ ಕಟ್ಟಿಹಾಕುವುದಕ್ಕಿಂತ ಹೆಚ್ಚಿನ ಕ್ರೌರ್ಯವಿಲ್ಲ. ಅವಿವೇಕವೂ ಅದೇ. ಒಂಟಿಯಾಗಿ ದಿನವಿಡೀ ಬಿಟ್ಟರೆ ಈ ನಾಯಿ ಬಾಗಿಲನ್ನು ಕಡಿಯುವುದು, ಹಾಸಿಗೆಯನ್ನು ಹರಿಯುವುದು, ಊಳಿಡುವುದು, ತನ್ನ ಪಂಜವನ್ನು ತಾನೇ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು. ಯಜಮಾನರು ಆಗ ನಾಯಿ ಕೆಟ್ಟದೆನ್ನುವರು. ಲಂಡನ್ನಿನ ಬ್ಯಾಟರ್‌ಸಿಯಂತಹ ಅನಾಥನಾಯಿಗಳ ಆಶ್ರಯಗಳಲ್ಲಿ ಈ ಜಾತಿಯವು ವರ್ಷ ವರ್ಷವೂ ಬಂದು ತುಂಬಿದ್ದಕ್ಕೆ ಮುಖ್ಯ ಕಾರಣ ಅವುಗಳ ಕ್ರೌರ್ಯವಲ್ಲ. ಪೌರುಷದ ಪ್ರದರ್ಶನಕ್ಕಾಗಿ ಕೊಂಡವರಿಗೂ, ಯೋಚಿಸದೆ ಕೊಂಡವರಿಗೂ ಅವು ಬೇಗನೆ ಬೇಡವಾದದ್ದು.

ಕಾವಲಿಗಾಗಿ ಕೊಳ್ಳುವವರಿಗೂ ಒಂದು ಮಾತು. ಬೊಗಳುವ ನಾಯಿ ಕಚ್ಚುವುದಿಲ್ಲವೆಂದು ನಮ್ಮಲ್ಲಿ ಗಾದೆಯುಂಟು. ಈ ನಾಯಿ ಬೊಗಳುವುದೂ ಕಡಮೆ, ಕಚ್ಚುವುದೂ ಕಡಮೆ. ಕಳ್ಳನು ಬಂದರೆ ಅವನ ಕೈಯನ್ನು ನೆಕ್ಕಿ ಒಳಗೆ ಕರೆದೀತೆಂದು ಅದರ ಅಭಿಮಾನಿಗಳೇ ನಗುವರು. ಮನೆಗೆ ಕಾವಲು ಬೇಕಾದವರು ಒಳ್ಳೆಯ ಬೀಗವನ್ನು ಕೊಳ್ಳಲಿ. ಈ ನಾಯಿಯನ್ನು ಹೊಡೆದು ಕೆಣಕಿ ಮನುಷ್ಯರ ಮೇಲೆ ಎತ್ತಿಕಟ್ಟುವವರಂತೂ, ಇಷ್ಟು ತಲೆಮಾರುಗಳಿಂದ ಉಳಿದುಬಂದ ಅದರ ಒಂದು ದೊಡ್ಡ ಗುಣವನ್ನೇ ಹಾಳುಮಾಡುವರು. ಅದರ ದವಡೆಯ ಬಲ ಮಾತ್ರ ಹಾಗೆಯೇ ಉಳಿಯುವುದು.

ಮಕ್ಕಳ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದ ಮಾತನಾಡಬೇಕು. ಈ ನಾಯಿಗೆ ಇಂಗ್ಲೆಂಡಿನಲ್ಲಿ ದಾದಿನಾಯಿ ಎಂಬ ಹೆಸರಿದ್ದಿತೆಂದೂ, ಅಜ್ಜಿಯರ ಕಾಲದಲ್ಲಿ ತೊಟ್ಟಿಲನ್ನು ಅದರ ವಶಕ್ಕೆ ಬಿಟ್ಟು ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದರೆಂದೂ ಹಲವರು ನಂಬಿರುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಂತಹ ಹೆಸರಿದ್ದಿತೆಂಬುದಕ್ಕೆ ಆಧಾರವಿಲ್ಲ. ಅದು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ ಹಬ್ಬಿದ ಮಾತು. ಈ ಜಾತಿಗೆ ಮಕ್ಕಳ ಮೇಲೆ ಪ್ರೀತಿಯುಂಟೆಂಬುದು ನಿಜ. ಆದರೆ ಪ್ರೀತಿಯಿಂದಲೇ ಹಾರಿ ಬಂದ ಹದಿನೈದು ಕಿಲೋ ಗಟ್ಟಿಮೈ ಮೂರು ವರುಷದ ಮಗುವನ್ನು ನೆಲಕ್ಕೆ ಕೆಡವುವುದು. ಮಗುವಿಗಾದರೋ ನಾಯಿಯ ಭಾಷೆ ತಿಳಿಯದು. ಮೈ ಸೆಟೆದು ನಿಂತದ್ದು, ಕಣ್ಣಿನ ಬಿಳುಪು ಕಾಣುವಂತೆ ಓರೆಯಾಗಿ ನೋಡಿದ್ದು, ಮತ್ತೆ ಮತ್ತೆ ತುಟಿ ನೆಕ್ಕಿದ್ದು, ತಲೆಯನ್ನು ಆಚೆ ತಿರುಗಿಸಿದ್ದು ಇವೆಲ್ಲವೂ ನನ್ನನ್ನು ಬಿಡು ಎಂದು ನಾಯಿ ಹೇಳುವ ಬಗೆಗಳು. ಗುರುಗುಟ್ಟಿದರಂತೂ ಅದು ಕೊನೆಯ ಎಚ್ಚರಿಕೆ. ಗುರುಗುಟ್ಟಿದ ನಾಯಿಯನ್ನು ಹೊಡೆದು ಸುಮ್ಮನಾಗಿಸಿದರೆ ಅದು ಮುಂದೆ ಎಚ್ಚರಿಕೆ ಕೊಡುವುದನ್ನೇ ಬಿಟ್ಟೀತು. ಆದುದರಿಂದ ಇದೇ ಆಗಲಿ, ಮತ್ತಾವ ಜಾತಿಯೇ ಆಗಲಿ, ನಾಯಿಯೊಡನೆ ಚಿಕ್ಕ ಮಗುವೊಂದನ್ನೇ ಬಿಟ್ಟು ತಾಯಿಯು ಹಿತ್ತಲಿಗೂ ಹೋಗಕೂಡದು. ಉಣ್ಣುವ ನಾಯಿಯ ತಟ್ಟೆಗೆ ಕೈಹಾಕಬಾರದು, ಮಲಗಿದ ನಾಯಿಯ ಮೇಲೆ ಬೀಳಬಾರದು ಎಂಬ ಎರಡು ಪಾಠಗಳನ್ನು ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸಬಹುದು.

ಜಾತಿಯನ್ನು ನೋಡಿ ಗುಣವನ್ನು ಹೇಳಬಹುದೆಂಬ ನಂಬಿಕೆಗೆ 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಅಮೆರಿಕೆಯಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ನಡೆವಳಿಕೆಯನ್ನು ವಿಚಾರಿಸಿ, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚಿನವುಗಳ ವಂಶವಾಹಿಗಳನ್ನೂ ಪರೀಕ್ಷಿಸಿ ನೋಡಿದಾಗ, ನಾಯಿ ನಾಯಿಗೂ ನಡೆವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ ಒಂಬತ್ತು ಪಾಲು ಮಾತ್ರ ಜಾತಿಯಿಂದ ಬಂದುದೆಂದು ಕಂಡಿತು. ಹೀಗೆಂದು ಜಾತಿಯ ಚರಿತ್ರೆಯನ್ನು ಮರೆಯುವುದೂ ಸಲ್ಲದು. ಏನು ನಡೆಯಬಹುದೆಂಬುದನ್ನು ಅದು ಸೂಚಿಸುವುದು, ಏನು ನಡೆದೀತೆಂಬುದನ್ನು ಆ ಒಂದು ನಾಯಿಯೇ ಹೇಳಬೇಕು. ಮರಿಯನ್ನು ಆರಿಸುವಾಗ ಅದರ ತಾಯಿಯನ್ನು ನೋಡಬೇಕೆನ್ನುವುದು ಇದಕ್ಕಾಗಿಯೇ. ಹೊಸಬರನ್ನು ಕಂಡು ತಾಯಿನಾಯಿ ನೆಮ್ಮದಿಯಾಗಿದ್ದರೆ ಮರಿಯ ಬಗ್ಗೆ ಅರ್ಧ ಭರವಸೆ ದೊರೆಯಿತು. ತಾಯಿಯನ್ನು ತೋರಿಸಲೊಲ್ಲದ ಮಾರಾಟಗಾರನಿಂದ ಏನನ್ನೂ ಕೊಳ್ಳಬಾರದು.

ಉಳಿದ ಅರ್ಧವು ಮನೆಯವರ ಕೈಯಲ್ಲಿದೆ, ಅದಕ್ಕೆ ಕಾಲವೂ ಬಹಳವಿಲ್ಲ. ಅಮೆರಿಕೆಯ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಹಲವು ವರ್ಷ ಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಹಸಿ ಮಣ್ಣಿನಂತಿರುವುದೆಂದೂ, ಆಗ ಕಂಡದ್ದೆಲ್ಲವೂ ಅದಕ್ಕೆ ಸ್ವಂತವಾಗುವುದೆಂದೂ, ಕಾಣದೆ ಹೋದದ್ದು ಮುಂದೆ ಭಯಕ್ಕೆ ಕಾರಣವಾಗುವುದೆಂದೂ ಅವರ ಕೆಲಸದಿಂದ ತಿಳಿದುಬಂದಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಮರಿಯು ಎಂಟು ವಾರದ್ದಾಗಿ ಮನೆಗೆ ಬಂದರೆ ನಮಗುಳಿಯುವುದು ನಾಲ್ಕೈದು ವಾರ. ಆ ದಿನಗಳಲ್ಲಿ ಛತ್ರಿ ಹಿಡಿದವರು, ಕೋಲೂರಿದ ಮುದುಕರು, ಗಡ್ಡದವರು, ಸೀರೆಯುಟ್ಟವರು, ತರಕಾರಿ ಗಾಡಿ, ಪಟಾಕಿಯ ದೂರದ ಸದ್ದು, ಕುಕ್ಕರಿನ ಸೀಟಿ ಎಲ್ಲವನ್ನೂ ಹೆದರಿಕೆಯಿಲ್ಲದಂತೆ ಅದಕ್ಕೆ ಪರಿಚಯಮಾಡಿಸಬೇಕು. ಚುಚ್ಚುಮದ್ದುಗಳು ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡದೆ ತೋಳಿನಲ್ಲೆತ್ತಿಕೊಂಡು ಹೋದರಾಯಿತು. ಹುಚ್ಚುರೋಗದ ಚುಚ್ಚುಮದ್ದನ್ನು ಮೂರನೆಯ ತಿಂಗಳ ಸುಮಾರಿನಲ್ಲಿ ಹಾಕಿಸಿ, ಮುಂದೆ ವೈದ್ಯರು ಹೇಳಿದ ಗಡುವಿಗೆ ತಪ್ಪದೆ ಮತ್ತೆ ಹಾಕಿಸಬೇಕು.

ಇತರ ನಾಯಿಗಳ ಪರಿಚಯವೂ ಈಗಲೇ ಆಗತಕ್ಕುದು, ಆದರೆ ಸಾಧುನಾಯಿಗಳನ್ನು ನೋಡಿ ಆರಿಸಬೇಕು. ಒರಟು ನಾಯಿಯೊಂದು ಮರಿಯನ್ನು ಹೆದರಿಸಿಬಿಟ್ಟರೆ ಆ ನೆನಪು ಅಳಿಯುವುದು ಕಷ್ಟ. ಎಷ್ಟು ಚೆನ್ನಾಗಿ ಬೆಳೆಸಿದರೂ ಒಂದೂವರೆ ಎರಡು ವರ್ಷದ ಪ್ರಾಯಕ್ಕೆ ಬಂದಾಗ ಕೆಲವು ನಾಯಿಗಳಲ್ಲಿ ಅನ್ಯನಾಯಿಗಳ ಮೇಲಿನ ಅಸಹನೆ ತಲೆಯೆತ್ತುವುದುಂಟು. ಅದನ್ನು ಯಜಮಾನನು ತನ್ನ ಅವಮಾನವೆಂದು ತಿಳಿಯಬೇಕಾಗಿಲ್ಲ; ಹಗ್ಗವಿಲ್ಲದೆ ಹೊರಗೆ ಬಿಡದಿದ್ದರೆ ಸಾಕು. ನಮ್ಮ ಊರುಗಳ ಬೀದಿಗಳಲ್ಲಿ ಅನಾಥನಾಯಿಗಳು ಗುಂಪಾಗಿ ಬಂದು ಕೆಣಕುವುದರಿಂದ, ಕುತ್ತಿಗೆಯ ಪಟ್ಟಿಗಿಂತ ಎದೆಗೆ ತೊಡಿಸುವ ಗಟ್ಟಿಯಾದ ಪಟ್ಟಿಯೂ, ಕೈಗೆ ಸುತ್ತಿಕೊಳ್ಳಬಹುದಾದ ಹಗ್ಗವೂ, ಅದನ್ನು ಹಿಡಿಯಲು ವಯಸ್ಕರೂ ಬೇಕು. ಕಾಳಗವೇ ನಡೆದುಹೋದರೆ ನಡುವೆ ಕೈ ತೂರಿಸಲಾಗದು. ಅಂತಹ ಕಡಿತಗಳಲ್ಲಿ ಹೆಚ್ಚಿನವು ಬಿಡಿಸಲು ಹೋದವರ ಕೈಗೇ ಆಗುವುವು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗತಕ್ಕುದು.

ಪಾಠ ಹೇಳುವ ಕ್ರಮದಲ್ಲಿ ಈ ಜಾತಿಗೊಂದು ವಿಶೇಷವಿದೆ. ಮೈನೋವನ್ನು ತಡೆಯುವ ಶಕ್ತಿ ಅದಕ್ಕೆ ಹೆಚ್ಚು, ಯಜಮಾನನ ಮುನಿಸನ್ನು ತಡೆಯುವ ಶಕ್ತಿ ಬಹಳ ಕಡಮೆ. ಬೆತ್ತಕ್ಕೆ ಬಗ್ಗದ ನಾಯಿ ಗಡುಸಾದ ಒಂದು ಮಾತಿಗೆ ಮೂಲೆಯಲ್ಲಿ ಮುದುಡಿ ಕೂರುವುದು. ಆದುದರಿಂದ ಹೊಡೆತದಿಂದ ಫಲವಿಲ್ಲ. ಐದಾರು ನಿಮಿಷದ ಪಾಠ, ದಿನಕ್ಕೆ ಎರಡು ಮೂರು ಸಲ, ಸರಿಯಾಗಿ ಮಾಡಿದೊಡನೆ ಬೇಯಿಸಿದ ಕೋಳಿಯ ಚೂರೋ ಕ್ಯಾರಟ್ಟಿನ ತುಂಡೋ ಒಂದು ಬಹುಮಾನ. ಕೂರು, ಬಾ ಎಂಬ ಮಾತುಗಳಿಗಿಂತಲೂ ಬಿಡು ಎಂಬುದನ್ನು ಮೊದಲು ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಹಿಡಿದದ್ದನ್ನು ಬಿಡದಿರುವುದಕ್ಕಾಗಿಯೇ ಹುಟ್ಟಿದ ಜಾತಿಯಲ್ಲವೆ? ಬಾಯಲ್ಲಿರುವ ಚೆಂಡನ್ನು ಕಿತ್ತುಕೊಳ್ಳಲು ಹೋದರೆ ಅದಕ್ಕೆ ಆಟವೇ ಆಗಿ ಹಿಡಿತ ಬಲವಾಗುವುದು. ಇನ್ನೊಂದು ಚೆಂಡನ್ನೋ ತಿಂಡಿಯನ್ನೋ ಮೂಗಿನ ಮುಂದೆ ಹಿಡಿದು, ಬಾಯಿ ತೆರೆದ ಕ್ಷಣದಲ್ಲಿ ಬಿಡು ಎಂದು ಹೇಳಿ ಬದಲಿ ಕೊಡಬೇಕು. ನೂರು ಸಲ ಹೀಗೆ ಮಾಡಿದರೆ ಬಿಡುವುದರಲ್ಲಿ ನಷ್ಟವಿಲ್ಲವೆಂದು ಅದಕ್ಕೆ ಮನದಟ್ಟಾಗುವುದು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಪ್ಪ ಬಿಡು ಎಂದು, ಅಮ್ಮ ಹಾಕು ಎಂದು, ಹುಡುಗ ಇಂಗ್ಲಿಷಿನಲ್ಲಿ ಮತ್ತೇನೋ ಎಂದರೆ ನಾಯಿಯು ಯಾರ ಮಾತನ್ನೂ ಕೇಳದಿದ್ದುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ನಾಲ್ಕನೆಯ ತಿಂಗಳಿಂದ ಏಳನೆಯ ತಿಂಗಳವರೆಗೆ ಹಾಲುಹಲ್ಲುಗಳು ಬಿದ್ದು ನಾಲ್ವತ್ತೆರಡು ಗಟ್ಟಿಹಲ್ಲುಗಳು ಬರುವುವು. ಈ ಕಾಲದಲ್ಲಿ ಚಪ್ಪಲಿ, ಕುರ್ಚಿಯ ಕಾಲು ಯಾವುದೂ ಉಳಿಯಲಾರದು. ಗಟ್ಟಿ ರಬ್ಬರಿನ ಆಟಿಕೆಯನ್ನು ಕೊಡುವುದು ಮೇಲು. ಬೇಯಿಸಿದ ಮೂಳೆ ಮಾತ್ರ ಬೇಡ. ಅದು ಸೀಳಿ ಚೂಪಾಗಿ ಕರುಳನ್ನು ಚುಚ್ಚುವುದು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಇವು ನಾಯಿಗೆ ವಿಷ. ಹಬ್ಬದ ಪಾಯಸದ ಪಾತ್ರೆಯನ್ನು ನಾಯಿಗೆ ನೆಕ್ಕಲು ಕೊಡುವ ಅಭ್ಯಾಸವಿರುವ ಮನೆಗಳು ಒಣದ್ರಾಕ್ಷಿಯನ್ನು ನೆನಪಿಡಬೇಕು. ಈ ಜಾತಿ ತಿನ್ನುವುದರಲ್ಲಿ ಮಿತಿಯರಿಯದು, ಕೊಬ್ಬುವುದೂ ಬೇಗ. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಕೈಗೆ ತಗಲುವಂತಿದ್ದರೆ ಮೈ ಹದವಾಗಿದೆಯೆಂದು ತಿಳಿಯಬಹುದು.

ಬೆಳೆದ ನಾಯಿಗೆ ದಿನಕ್ಕೆ ಒಂದು ಗಂಟೆಗೆ ಕಡಮೆಯಿಲ್ಲದ ನಡಿಗೆ ಆಟಗಳು ಬೇಕು. ಇಂಗ್ಲೆಂಡಿನ ಮೋಡದ ಕೆಳಗೆ ಇದು ಯಾವ ಹೊತ್ತಿಗಾದರೂ ಆದೀತು. ನಮ್ಮ ನಾಡಿನಲ್ಲಿ ಹೊತ್ತನ್ನು ನೋಡಲೇಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಕಾವನ್ನು ಹೊರಹಾಕಬೇಕು. ಗಿಡ್ಡ ಮೂತಿಯ, ದಟ್ಟ ಮಾಂಸದ ಈ ನಾಯಿಗೆ ಆ ಕೆಲಸ ಇನ್ನೂ ಕಷ್ಟ. ಸಾಲದುದಕ್ಕೆ, ಆಟದ ಹುಮ್ಮಸ್ಸಿನಲ್ಲಿ ತಾನಾಗಿ ನಿಲ್ಲುವುದೂ ಇಲ್ಲ. ಕುಸಿದು ಬೀಳುವವರೆಗೂ ಚೆಂಡನ್ನು ತಂದುಕೊಡುತ್ತಲೇ ಇರುವುದು. ಬೇಸಗೆಯಲ್ಲಿ ಹೊತ್ತು ಮೂಡುವ ಮೊದಲೂ ಕತ್ತಲಾದ ಮೇಲೂ ಕರೆದೊಯ್ಯಬೇಕು. ಕಲಬುರಗಿ ರಾಯಚೂರುಗಳಂತಹ ಊರುಗಳ ಬೇಸಗೆಯಲ್ಲಿ ಈ ಜಾತಿಯನ್ನು ಸಾಕುವ ಮೊದಲು ಎರಡು ಸಲ ಯೋಚಿಸಬೇಕೆಂದು ನಾವು ಹೇಳುವೆವು. ಅತಿಯಾಗಿ ಏದುತ್ತ, ಜೊಲ್ಲು ಸುರಿಸುತ್ತ, ತೂರಾಡಿದರೆ ಕೂಡಲೆ ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು, ಗಾಳಿ ಬೀಸಿ, ವೈದ್ಯರಲ್ಲಿಗೆ ಒಯ್ಯಬೇಕು. ಕೆರೆ ಬಾವಿಗಳ ಹತ್ತಿರವೂ ಎಚ್ಚರ ಬೇಕು. ಮೈಭಾರದಿಂದ ಈ ನಾಯಿ ಈಜಲು ಬಹಳ ಹೆಣಗುವುದು.

ರೋಗಗಳಲ್ಲಿ ವಂಶದಿಂದ ಬರುವ ಎರಡನ್ನು ಕೊಳ್ಳುವವರು ತಿಳಿದಿರಬೇಕು. ಒಂದು, ಎಳೆಯ ವಯಸ್ಸಿನಲ್ಲಿಯೇ ಎರಡು ಕಣ್ಣಿಗೂ ಪೊರೆ ಬಂದು ಎರಡು ಮೂರು ವರ್ಷದೊಳಗೆ ಕುರುಡಾಗುವುದು. ಇನ್ನೊಂದು, ಎಲ್-2 ಹೈಡ್ರಾಕ್ಸಿ ಗ್ಲೂಟಾರಿಕ್ ಆಸಿಡ್ಯೂರಿಯಾ ಎಂಬ ಉದ್ದ ಹೆಸರಿನದು. ದೇಹದಲ್ಲಿ ಒಂದು ಆಮ್ಲವು ಸೇರಿಕೊಂಡು ಮಿದುಳನ್ನು ಕೆಡಿಸಿ, ತೂರಾಟ, ಮೈಸೆಳೆತ, ಫಿಟ್ಸುಗಳನ್ನು ತರುವುದು. ಎರಡೂ ಬರುವ ಬಗೆ ಒಂದೇ. ದೋಷವು ಒಂದೇ ಕಡೆಯಿಂದ ಬಂದ ನಾಯಿ ಆರೋಗ್ಯವಾಗಿರುವುದು, ಹೊರಗೆ ಏನೂ ಕಾಣದು. ಅಂತಹ ಎರಡು ನಾಯಿಗಳು ಕೂಡಿದರೆ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದಕ್ಕೆ ರೋಗ ತಪ್ಪದು. ಆದುದರಿಂದ ತಂದೆತಾಯಿ ನಾಯಿಗಳು ನೋಡಲು ಚೆನ್ನಾಗಿವೆಯೆಂಬ ಮಾತಿಗೆ ಬೆಲೆಯಿಲ್ಲ. ಡಿ.ಎನ್.ಎ. ಪರೀಕ್ಷೆಯ ಕಾಗದವನ್ನು ಕೇಳಬೇಕು. ಚರ್ಮದ ತುರಿಕೆಯೂ ಈ ಜಾತಿಯಲ್ಲಿ ಹೆಚ್ಚು. ನೋವನ್ನು ಅಡಗಿಸಿಕೊಳ್ಳುವ ಪ್ರಾಣಿಯಾದುದರಿಂದ, ಕುಂಟುವುದನ್ನೋ ಊಟ ಬಿಡುವುದನ್ನೋ ಕಂಡರೆ ಆಗಲೇ ತಡವಾಗಿರಬಹುದೆಂದು ಎಣಿಸಿ ಅಂದೇ ತೋರಿಸುವುದು ಲೇಸು.

ಕಾನೂನಿನ ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಇಂಗ್ಲೆಂಡಿನಲ್ಲಿ 1991ರ ಅಪಾಯಕಾರಿ ನಾಯಿಗಳ ಕಾನೂನು ಪಿಟ್ ಬುಲ್ ಟೆರಿಯರ್ ಮೊದಲಾದ ನಾಲ್ಕು ಬಗೆಗಳನ್ನು ನಿಷೇಧಿಸಿತು. ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಯಾವ ಜಾತಿಯ ನಾಯಿಯೇ ಆಗಲಿ ಹತೋಟಿ ತಪ್ಪಿ ಅಪಾಯ ಮಾಡಿದರೆ ಯಜಮಾನನೇ ಅಪರಾಧಿಯೆಂದೂ ಅದೇ ಕಾನೂನು ಹೇಳಿತು. ನಮ್ಮ ದೇಶದಲ್ಲಿ 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ಸುತ್ತೋಲೆಯೊಂದನ್ನು ಹೊರಡಿಸಿ, ಪಿಟ್ ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಷೈರ್ ಟೆರಿಯರ್, ರಾಟ್‌ವೈಲರ್ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ಜಾತಿಗಳ ಮಾರಾಟಕ್ಕೂ ಸಂತಾನವೃದ್ಧಿಗೂ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಆಗಲೇ ಮನೆಗಳಲ್ಲಿದ್ದವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಹೇಳಿತು. ನಾಯಿಕಡಿತದಿಂದ ನೊಂದವರ ಕೂಗು ಇದರ ಹಿಂದೆ ಇದ್ದುದನ್ನು ಹಗುರವಾಗಿ ಕಾಣಲಾಗದು. ಆದರೆ ಕರ್ನಾಟಕ ಹೈಕೋರ್ಟು 2024ರ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಮಾಡಿತು. ಸಂಬಂಧಪಟ್ಟವರನ್ನು ವಿಚಾರಿಸದೆ, ನಿಯಮಗಳು ಹೇಳುವ ಕ್ರಮವನ್ನನುಸರಿಸದೆ ಅದನ್ನು ಹೊರಡಿಸಿದ್ದು ಸರಿಯಲ್ಲವೆಂಬುದು ತೀರ್ಪಿನ ಸಾರ. ಕ್ರಮಬದ್ಧವಾಗಿ ವಿಚಾರಿಸಿ ಹೊಸದನ್ನು ಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ನಿಯಮಗಳು ಬದಲಾಗಬಹುದಾದುದರಿಂದ ಮರಿಯನ್ನು ತರುವ ಮುನ್ನ ಊರಿನ ನಗರಸಭೆಯಲ್ಲಿ ವಿಚಾರಿಸಿ, ಜಾತಿಯ ಹೆಸರನ್ನು ಕಾಗದಪತ್ರಗಳಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳತಕ್ಕುದು.

ಈ ನಾಯಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕು ವರ್ಷ ಬದುಕುವುದು. ಮರಿಯನ್ನು ತಂದಾಗ ಎರಡನೆಯ ತರಗತಿಯಲ್ಲಿದ್ದ ಮಗು ಅದರ ಕೊನೆಗಾಲಕ್ಕೆ ಕಾಲೇಜನ್ನೂ ಮುಗಿಸಿ ಬೇರೆ ಊರಿನಲ್ಲಿರಬಹುದು. ಮುಖದ ರೋಮ ನರೆತು, ಕೀಲುಗಳು ಬಿಗಿದು, ಗೊರಕೆ ಹೆಚ್ಚಾಗಿ, ನಾಯಿಯು ದಿನದ ಹೆಚ್ಚು ಹೊತ್ತನ್ನು ನಿದ್ರೆಯಲ್ಲಿ ಕಳೆಯುವ ಆ ವರ್ಷಗಳಲ್ಲಿ ನಡಿಗೆಯನ್ನು ನಿಲ್ಲಿಸದೆ, ದೂರವನ್ನು ಕಡಮೆಮಾಡಿ ಎರಡು ಮೂರು ಸಲ ಮಾಡಿಸಬೇಕು. ನುಣುಪು ನೆಲದ ಮೇಲೆ ಕಾಲು ಜಾರದಂತೆ ಗೋಣಿಚೀಲವನ್ನೋ ಜಮಖಾನವನ್ನೋ ಹಾಸಬೇಕು. ಮೆಟ್ಟಿಲು ಹತ್ತಲಾರದಂತಾದಾಗ ಅದರ ಹಾಸಿಗೆಯನ್ನು ಹಿತ್ತಲಿಗೆ ಸಾಗಿಸದೆ, ಮನೆಯವರೆಲ್ಲರೂ ಕುಳಿತುಕೊಳ್ಳುವ ನಡುಮನೆಗೇ ತಂದಿಡಬೇಕು.